ದಿನಕ್ಕೆ ನಾಲ್ಕು ಚೌಕ

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಚಿತ್ರಕಾರ ಜೇಮ್ಸ್ ಕೊಚಾಲ್ಕಾ 1998ರ ಅಕ್ಟೋಬರ್ 26ರಂದು ತಮ್ಮ ಆ ದಿನದ ಒಂದು ತುಣುಕನ್ನು ಸಣ್ಣ ಚೌಕಗಳಲ್ಲಿ ಬರೆದಿಟ್ಟರು. ಮರುದಿನ ಮತ್ತೊಂದು ತುಣುಕು, ಅದರ ಮರುದಿನ ಇನ್ನೊಂದು. ಹೀಗೆ ಶುರುವಾದ ಚಿತ್ರದಿನಚರಿ ನಿಂತದ್ದು 2012ರ ಡಿಸೆಂಬರ್ 31ಕ್ಕೆ. 14 ವರ್ಷ ಮೀರಿ ನಡೆದ ಈ ಕೆಲಸದ ಹೆಸರು 'ಅಮೆರಿಕನ್ ಎಲ್ಫ್'. ಮೊದಲು ಪುಸ್ತಕಗಳಾಗಿ ಬಂದು, 2002ರಿಂದ ಅಂತರ್ಜಾಲದಲ್ಲಿ ದಿನಕ್ಕೊಂದು ಕಂತಿನಂತೆ ಪ್ರಕಟವಾಯಿತು. ಅದರಲ್ಲಿ ಕೊಚಾಲ್ಕಾ ತಮ್ಮನ್ನು ಚೂಪುಕಿವಿಯ, ಮುಂದಕ್ಕೆ ಚಾಚಿದ ಹಲ್ಲಿನ ಒಂದು ಕಿನ್ನರನ ಹಾಗೆ ಬರೆದುಕೊಂಡಿದ್ದಾರೆ. ಸುತ್ತ ಇರುವುದು ಸಾಮಾನ್ಯ ಸಂಸಾರ. ಹೆಂಡತಿಯ ಜೊತೆ ಮಾತು, ಮುನಿಸು, ಮುದ್ದು; ಸ್ಪ್ಯಾಂಡಿ ಎಂಬ ಬೆಕ್ಕು; ಹಿಮ, ನೆಗಡಿ, ವಿಡಿಯೋ ಗೇಮ್; ಆಮೇಲೆ ಮಕ್ಕಳು. ಇದಕ್ಕಿಂತ ದೊಡ್ಡ ಘಟನೆ ಎಂಬುದು ವಾರಗಟ್ಟಲೆ ಕಾಣಿಸುವುದಿಲ್ಲ. ಆದರೂ ಈ ಕೃತಿ ಬಹುಮಾನಗಳನ್ನು ಪಡೆಯಿತು, ಒಂದು ಪೀಳಿಗೆಯ ಯುವ ಚಿತ್ರಕಾರರು ದಿನಚರಿ ಬರೆಯಲು ಕೂರುವಂತೆ ಮಾಡಿತು, 2011ರಲ್ಲಿ ವರ್ಮಾಂಟ್ ರಾಜ್ಯ ತನ್ನ ಮೊದಲ ಗೌರವ ಚಿತ್ರಕಥೆಗಾರ ಎಂಬ ಪಟ್ಟವನ್ನು ಕೊಚಾಲ್ಕಾ ಅವರಿಗೆ ಕೊಟ್ಟಿತು. ಇಂಥ ಒಂದು ಕೃತಿಯನ್ನು ಓದಿ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ಹೇಳುವುದು ಯಾವ ಆಧಾರದ ಮೇಲೆ? ಕಥೆಯಿಲ್ಲ, ಕಟ್ಟಿದ ಪಾತ್ರಗಳಿಲ್ಲ, ಆದಿ ಅಂತ್ಯಗಳಿಲ್ಲ. ವಿಮರ್ಶೆಗೆ ರೂಢಿಯಾದ ಹಿಡಿಕೆಗಳು ಒಂದೂ ಕೈಗೆ ಸಿಗುವುದಿಲ್ಲ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಒಂದು: ಅದು ಅವರ ಬದುಕು, ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾರೆ, ಅದರ ಬಗ್ಗೆ ತೀರ್ಪು ಕೊಡಲು ನಾವು ಯಾರು? ಇನ್ನೊಂದು: ಬೆಕ್ಕಿಗೆ ಮುತ್ತು ಕೊಟ್ಟದ್ದು, ಮೂಗು ಕಟ್ಟಿದ್ದು, ಇದನ್ನೆಲ್ಲ ಊರಿಗೆ ಹೇಳುವುದರಲ್ಲಿ ಏನಿದೆ, ಇದರಲ್ಲಿ ವಿಮರ್ಶಿಸುವಂಥದ್ದೇ ಇಲ್ಲ. ಒಬ್ಬರದು ಮರ್ಯಾದೆಯ ಮಾತು, ಇನ್ನೊಬ್ಬರದು ತಾತ್ಸಾರದ ಮಾತು. ಆದರೆ ಎರಡರ ಬುಡದಲ್ಲಿರುವ ತಪ್ಪು ಒಂದೇ. ಇಬ್ಬರೂ ಕೃತಿಯ ಸಾಮಗ್ರಿಯನ್ನೇ ಕೃತಿ ಎಂದು ತಿಳಿದಿದ್ದಾರೆ. ಮೊದಲನೆಯವರಿಗೆ ಬದುಕು ದೊಡ್ಡದು, ಆದ್ದರಿಂದ ಕೃತಿ ಮುಟ್ಟಬಾರದ್ದು. ಎರಡನೆಯವರಿಗೆ ಬದುಕು ಚಿಕ್ಕದು, ಆದ್ದರಿಂದ ಕೃತಿ ಮುಟ್ಟಲಾರದ್ದು. ಆ ಬದುಕಿಗೂ ಕಾಗದದ ಮೇಲಿನ ನಾಲ್ಕು ಚೌಕಕ್ಕೂ ನಡುವೆ ಒಬ್ಬ ಮನುಷ್ಯ ಕುಳಿತು ಏನೋ ತೀರ್ಮಾನ ಮಾಡಿದ್ದಾನೆ ಎಂಬುದನ್ನು ಇಬ್ಬರೂ ಬಿಟ್ಟುಬಿಡುತ್ತಾರೆ. ಆ ತೀರ್ಮಾನವೇ ವಿಮರ್ಶೆಯ ವಸ್ತು ಎಂಬುದು ನನ್ನ ವಾದ.

ಚಿತ್ರಕಥೆಯಲ್ಲಿ ಸ್ವಂತ ಬದುಕು ಬಂದದ್ದು ಅಂತರ್ಜಾಲಕ್ಕಿಂತ ಬಹಳ ಹಿಂದೆ. 1972ರಲ್ಲಿ ಜಸ್ಟಿನ್ ಗ್ರೀನ್ ಎಂಬ ಅಮೆರಿಕನ್ ಕಲಾವಿದ ತಮ್ಮ ಬಾಲ್ಯದ ಧಾರ್ಮಿಕ ಭಯ, ಲೈಂಗಿಕ ಅಪರಾಧಭಾವ, ಬಿಡದೆ ಕಾಡುವ ಗೀಳುಗಳನ್ನು 'ಬಿಂಕಿ ಬ್ರೌನ್' ಎಂಬ ಪಾತ್ರದ ಹೆಸರಿನಲ್ಲಿ ಬರೆದರು. ತಪ್ಪೊಪ್ಪಿಗೆಯ ಪರಂಪರೆ ಅಲ್ಲಿಂದ ಬೆಳೆಯಿತು. ಇನ್ನೊಂದು ಪರಂಪರೆ 1976ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹುಟ್ಟಿತು. ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಫೈಲು ಜೋಡಿಸುವ ಗುಮಾಸ್ತರಾಗಿದ್ದ ಹಾರ್ವಿ ಪೀಕರ್ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಕಾಮಿಕ್ಸ್ ಪತ್ರಿಕೆಯನ್ನು ತಾವೇ ದುಡ್ಡು ಹಾಕಿ ಹೊರಡಿಸಿದರು. ಕೆಲಸದ ಜಾಗದ ಹರಟೆ, ಅಂಗಡಿಯ ಸಾಲಿನಲ್ಲಿ ನಿಂತಾಗಿನ ಕಿರಿಕಿರಿ, ಹಳೆಯ ಜಾಝ್ ತಟ್ಟೆಗಳ ಹುಡುಕಾಟ ಅದರ ವಸ್ತು. ಪೀಕರ್ ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ ಎಂಬುದು ನಮ್ಮ ವಿಷಯಕ್ಕೆ ತುಂಬ ಮುಖ್ಯವಾದ ಸಂಗತಿ. ಅವರು ಕಡ್ಡಿಗೊಂಬೆಗಳನ್ನು ಗೀಚಿ, ಯಾವ ಚೌಕದಲ್ಲಿ ಯಾರು ಏನು ಹೇಳುತ್ತಾರೆ ಎಂದು ಗುರುತು ಹಾಕಿ ಕೊಡುತ್ತಿದ್ದರು. ರಾಬರ್ಟ್ ಕ್ರಂಬ್ ಮೊದಲಾದ ಬೇರೆ ಬೇರೆ ಕಲಾವಿದರು ಅದನ್ನು ಚಿತ್ರಿಸುತ್ತಿದ್ದರು. ಹೀಗಾಗಿ ಒಂದೇ ಪತ್ರಿಕೆಯಲ್ಲಿ ಪೀಕರ್ ಮುಖ ಒಂದು ಕಥೆಯಲ್ಲಿ ಒಂದು ಥರ, ಮುಂದಿನದರಲ್ಲಿ ಇನ್ನೊಂದು ಥರ. ಆದರೂ ಎಲ್ಲವೂ ಪೀಕರ್ ಕೃತಿಗಳೇ ಎಂದು ಓದುಗರಿಗೆ ಸಂಶಯವಿಲ್ಲದೆ ಗೊತ್ತಾಗುತ್ತಿತ್ತು. ಮುಖ ಬದಲಾದರೂ, ಗೆರೆ ಬದಲಾದರೂ ಬದಲಾಗದೆ ಉಳಿದದ್ದು ಯಾವುದು? ದಿನದ ಯಾವ ಕ್ಷಣವನ್ನು ಎತ್ತಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಆಯ್ಕೆ. ಕರ್ತೃತ್ವ ಇರುವುದು ಅಲ್ಲಿ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ದಿನಚರಿಗೂ ಆತ್ಮಕಥೆಗೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕು, ಏಕೆಂದರೆ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆತ್ಮಕಥೆ ಬರೆಯುವವರು ದಡ ಸೇರಿದ ಮೇಲೆ ಹೊಳೆಯನ್ನು ನೋಡುತ್ತಾರೆ. ಕುವೆಂಪು 'ನೆನಪಿನ ದೋಣಿಯಲ್ಲಿ' ಬರೆಯುವಾಗ ತಮ್ಮ ಯೌವನದ ದಿನಚರಿಯ ಪುಟಗಳನ್ನು ಎದುರಿಗಿಟ್ಟುಕೊಂಡು, ಅವುಗಳನ್ನು ಉದ್ಧರಿಸುತ್ತಾ, ವಿವರಿಸುತ್ತಾ ಹೋದರು. ಅಂದಿನ ಹುಡುಗನ ಪಕ್ಕದಲ್ಲಿ ಇಂದಿನ ಹಿರಿಯರು ನಿಂತಿರುತ್ತಾರೆ. ಯಾವುದು ಮುಂದೆ ಮುಖ್ಯವಾಯಿತು ಎಂಬುದು ಅವರಿಗೆ ಗೊತ್ತು. ಅಲಿಸನ್ ಬೆಕ್ಡೆಲ್ ಅವರ 2006ರ 'ಫನ್ ಹೋಮ್' ಎಂಬ ಚಿತ್ರರೂಪದ ಆತ್ಮಕಥೆಯಲ್ಲೂ ಬಾಲ್ಯದ ದಿನಚರಿ ಬರುತ್ತದೆ. ತಾನು ಬರೆದದ್ದು ನಿಜವೋ ಅಲ್ಲವೋ ಎಂಬ ಶಂಕೆ ಆ ಹುಡುಗಿಯನ್ನು ಎಷ್ಟು ಕಾಡುತ್ತದೆಂದರೆ, ವಾಕ್ಯವಾಕ್ಯಕ್ಕೂ ಇದು ನನ್ನ ಅನಿಸಿಕೆಯಷ್ಟೇ ಎಂದು ಸೇರಿಸುತ್ತಾಳೆ, ಕೊನೆಗೆ ಅದರ ಬದಲು ಒಂದು ಚಿಹ್ನೆಯನ್ನೇ ಹಾಳೆಯ ತುಂಬ ಎಳೆಯುತ್ತಾಳೆ. ಆ ಚಿಹ್ನೆಗೆ ಅರ್ಥ ಕೊಡುವವಳು ದೊಡ್ಡವಳಾದ ಬೆಕ್ಡೆಲ್. ಕೊಚಾಲ್ಕಾ ಅವರಿಗೆ ಈ ಸೌಲಭ್ಯ ಇಲ್ಲ. ಇವತ್ತಿನ ಜಗಳ ನಾಳೆ ಮರೆತುಹೋಗುತ್ತದೋ, ಮನೆ ಮುರಿಯುತ್ತದೋ ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆಯೇ ಬರೆಯಬೇಕು. ಫ್ರಾನ್ಸಿನ ವಿದ್ವಾಂಸ ಫಿಲಿಪ್ ಲಜನ್ 1975ರಲ್ಲಿ ಆತ್ಮಕಥೆಯನ್ನು ಲೇಖಕ ಮತ್ತು ಓದುಗರ ನಡುವಿನ ಒಂದು ಒಪ್ಪಂದವೆಂದು ಕರೆದರು: ಹೊದಿಕೆಯ ಮೇಲಿನ ಹೆಸರು, ಕಥೆ ಹೇಳುವ ದನಿ, ಕಥೆಯೊಳಗಿನ ವ್ಯಕ್ತಿ, ಮೂವರೂ ಒಬ್ಬರೇ ಎಂಬ ಭರವಸೆ. ದಿನಚರಿ ಅದಕ್ಕೆ ಇನ್ನೊಂದು ಷರತ್ತು ಸೇರಿಸುತ್ತದೆ. ಬರೆದ ದಿನವೂ ನಡೆದ ದಿನವೂ ಹೆಚ್ಚುಕಡಿಮೆ ಒಂದೇ.

'ಅಮೆರಿಕನ್ ಎಲ್ಫ್' ಕೃತಿಯ ತಿರುಳು ಅದರ ಕಟ್ಟಳೆಯಲ್ಲಿದೆ. ದಿನವೂ ಒಂದು ಕಂತು, ಬಹುಪಾಲು ನಾಲ್ಕು ಚೌಕ. ಈ ಕಟ್ಟಳೆ ಒಪ್ಪಿಕೊಂಡ ಕೂಡಲೇ ಕಥೆಗಾರನ ಕೈಯಿಂದ ಒಂದು ದೊಡ್ಡ ಸ್ವಾತಂತ್ರ್ಯ ಹೊರಟುಹೋಗುತ್ತದೆ: ಯಾವ ದಿನ ಬರೆಯಲು ಯೋಗ್ಯ, ಯಾವುದು ಅಲ್ಲ ಎಂದು ಆರಿಸುವ ಸ್ವಾತಂತ್ರ್ಯ. ಮದುವೆಯ ದಿನಕ್ಕೂ ನಾಲ್ಕು ಚೌಕ, ಮಳೆಗೆ ಮನೆಯಲ್ಲೇ ಕೂತ ದಿನಕ್ಕೂ ನಾಲ್ಕು ಚೌಕ. ಉಳಿಯುವುದು ದಿನದ ಒಳಗಿನ ಆಯ್ಕೆ ಮಾತ್ರ. ಎಚ್ಚರವಿದ್ದ ಹದಿನಾರು ಗಂಟೆಗಳಲ್ಲಿ ಯಾವ ಒಂದು ನಿಮಿಷ? ಎಲ್ಲ ಹತೋಟಿಯೂ ಅಷ್ಟು ಚಿಕ್ಕ ಜಾಗಕ್ಕೆ ಬಂದು ಸೇರುವುದರಿಂದ ಅಲ್ಲಿನ ಪ್ರತಿ ನಿರ್ಧಾರವೂ ತೂಕ ಪಡೆಯುತ್ತದೆ. ಪತ್ರಿಕೆಗಳ ನಿತ್ಯದ ಕಾಮಿಕ್ಸ್ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಚಾರ್ಲ್ಸ್ ಶುಲ್ಜ್ 1950ರಿಂದ 2000ದವರೆಗೆ ಸುಮಾರು ಐವತ್ತು ವರ್ಷ 'ಪೀನಟ್ಸ್' ಬರೆದರು, ಅವರದೂ ಬಹುಕಾಲ ನಾಲ್ಕು ಚೌಕವೇ. ಆದರೆ ಶುಲ್ಜ್ ಅವರಿಗೆ ನಾಯಿಯನ್ನು ವಿಮಾನ ಹಾರಿಸುವವನಾಗಿ ಮಾಡುವ ಅವಕಾಶ ಇತ್ತು. ನಾಲ್ಕನೆಯ ಚೌಕದಲ್ಲಿ ನಗೆ ಅಥವಾ ಪೆಟ್ಟು ಬರಲೇಬೇಕೆಂಬ ಕರಾರೂ ಇತ್ತು. ಕೊಚಾಲ್ಕಾ ಆ ಆಕಾರವನ್ನು ಎರವಲು ಪಡೆದು ಕರಾರನ್ನು ಕಳಚಿಹಾಕಿದರು. ಅವರ ನಾಲ್ಕನೆಯ ಚೌಕ ಎಷ್ಟೋ ಸಲ ಎಲ್ಲಿಗೂ ಮುಟ್ಟದೆ ನಿಲ್ಲುತ್ತದೆ. ಯಾರೋ ಕಿಟಕಿಯತ್ತ ನೋಡುತ್ತಾರೆ, ಅಷ್ಟೇ. ಓದುಗ ನಗೆಗಾಗಿ ಕಾದಿದ್ದ ಜಾಗದಲ್ಲಿ ನಗೆ ಇಲ್ಲ. ಬದುಕಿನಲ್ಲೂ ಆ ಜಾಗದಲ್ಲಿ ನಗೆ ಇರುವುದಿಲ್ಲ. ಬದುಕಿಗೆ ಕಥೆಯ ಆಕಾರವಿಲ್ಲ, ಅದರ ಲಯವನ್ನು ಹಿಡಿಯಲು ಬೇರೆ ಆಕಾರ ಬೇಕು ಎಂಬುದು ಅವರು ದಿನಚರಿಗೆ ಇಳಿದದ್ದರ ಹಿಂದಿನ ಯೋಚನೆ. ಈ ಯೋಚನೆಗೆ ಕೃತಿ ನಿಷ್ಠವಾಗಿದೆಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಅವರ ಬದುಕು ಸ್ವಾರಸ್ಯಕರವೇ ಎಂದು ಕೇಳುವುದು ಅಲ್ಲ.

ಹಾಗಾದರೆ ಒಳ್ಳೆಯ ಆಯ್ಕೆ ಯಾವುದು, ಕೆಟ್ಟದ್ದು ಯಾವುದು? ಹಲವು ಕಂತುಗಳನ್ನು ಒಟ್ಟಿಗೆ ಓದಿದಾಗ ಎರಡು ಬಗೆ ಎದ್ದು ಕಾಣುತ್ತವೆ. ಒಂದು ಬಗೆಯಲ್ಲಿ ನಾಲ್ಕು ಚೌಕ ಸೇರಿ ಅರ್ಧ ನಿಮಿಷ: ಬೆಕ್ಕು ಬಂತು, ಬಗ್ಗಿದರು, ಅದು ಮುಖ ತಿರುಗಿಸಿತು, ಹೆಂಡತಿ ಒಂದು ಮಾತು ಹೇಳಿದರು. ಇನ್ನೊಂದು ಬಗೆಯಲ್ಲಿ ನಾಲ್ಕು ಚೌಕಕ್ಕೆ ಇಡೀ ದಿನ ತುರುಕಿರುತ್ತದೆ, ಅಥವಾ ಕಲೆ, ಕೀರ್ತಿ, ಸಂತೋಷ ಇವುಗಳ ಬಗ್ಗೆ ಕಿನ್ನರ ಓದುಗರತ್ತ ತಿರುಗಿ ಒಂದು ಘೋಷಣೆ ಮಾಡುತ್ತಾನೆ. ಮೊದಲನೆಯ ಬಗೆ ಇಂದಿಗೂ ಹಸಿರಾಗಿದೆ. ಎರಡನೆಯದು ಬಾಡಿದೆ. ಘೋಷಣೆಗೆ ದಿನದ ಅಗತ್ಯವಿಲ್ಲ, ಯಾವ ದಿನವಾದರೂ ಅದನ್ನು ಮಾಡಬಹುದಿತ್ತು. ಬೆಕ್ಕು ಮುಖ ತಿರುಗಿಸಿದ್ದು ಆ ದಿನ, ಆ ಕೋಣೆಯಲ್ಲಿ ಮಾತ್ರ. ದಿನಚರಿಯ ಕಂತೊಂದನ್ನು ತೂಗುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ತಾರೀಕನ್ನು ಅಳಿಸಿದರೆ ಏನಾದರೂ ಕಳೆದುಹೋಗುತ್ತದೆಯೇ? ಈ ಪ್ರಶ್ನೆಗೆ ಕೊಚಾಲ್ಕಾ ಹಲವು ದಿನ ಸರಿಯಾಗಿ ಉತ್ತರಿಸಿದ್ದಾರೆ, ಹಲವು ದಿನ ಇಲ್ಲ. ತಮ್ಮ ಹಾಡು, ತಮ್ಮ ಪುಸ್ತಕ, ತಮಗೆ ಸಿಗಬೇಕಾದ ಮನ್ನಣೆ ಇವು ಚೌಕದೊಳಗೆ ಬಂದಾಗಲೆಲ್ಲ ನೋಟ ಸಡಿಲವಾಗುತ್ತದೆ. ಮಕ್ಕಳು ಹುಟ್ಟಿ ಮಾತು ಕಲಿತ ಮೇಲೆ ಕೃತಿಗೆ ಹೊಸ ಜೀವ ಬರುತ್ತದೆ, ಏಕೆಂದರೆ ಲೇಖಕನ ತಲೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲದ ಮಾತುಗಳು ಈಗ ಮಾತಿನ ಗುಳ್ಳೆಗಳಿಗೆ ಬರುತ್ತವೆ. ಮಗುವಿನ ವಿಚಿತ್ರ ತರ್ಕದ ಎದುರು ಕಿನ್ನರ ಕೇಳುಗನಾಗುತ್ತಾನೆ. ಅವನು ಕೇಳುಗನಾದ ಕಂತುಗಳು ಅವನೇ ಮಾತಾಡುವ ಕಂತುಗಳಿಗಿಂತ ಉತ್ತಮ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಒಂದೊಂದು ಕಂತನ್ನು ಹೀಗೆ ಬಿಡಿಬಿಡಿಯಾಗಿ ತೂಗುವುದು ತಪ್ಪು, ದಿನಚರಿಯ ಶಕ್ತಿ ಒಟ್ಟುಗೂಡುವುದರಲ್ಲಿದೆ, ಸಾವಿರ ಕಂತು ಓದಿದ ಮೇಲೆ ಮಾತ್ರ ಅದು ಕೈಗೆ ಸಿಗುತ್ತದೆ ಎಂದು ಈ ಪ್ರಕಾರವನ್ನು ಪ್ರೀತಿಸುವವರು ಹೇಳುತ್ತಾರೆ. ಇದು ನಿಜ. ಅದೇ ಬೆಕ್ಕು ವರ್ಷ ವರ್ಷ ಮುದಿಯಾಗುವುದು, ಅದೇ ಜಗಳ ಬೇರೆ ಬೇರೆ ಋತುವಿನಲ್ಲಿ ಮರುಕಳಿಸುವುದು, ಗಂಡಹೆಂಡಿರಿಬ್ಬರ ಮನೆ ನಾಲ್ವರ ಮನೆಯಾಗುವುದು ಬಿಡಿ ಕಂತಿನಲ್ಲಿ ಕಾಣುವಂಥದ್ದಲ್ಲ. ಕಾದಂಬರಿಕಾರ ಇಷ್ಟು ವರ್ಷಗಳು ಕಳೆದವು ಎಂದು ಒಂದು ಸಾಲಿನಲ್ಲಿ ದಾಟಿಸುವ ಕಾಲವನ್ನು ಇಲ್ಲಿ ಓದುಗ ನಿಜವಾಗಿ ಕಳೆಯುತ್ತಾನೆ. ಆದರೆ ಈ ವಾದವನ್ನು ಎಳೆದರೆ ಯಾವ ಕೆಟ್ಟ ಕಂತಿಗೂ ರಕ್ಷಣೆ ಸಿಕ್ಕಿಬಿಡುತ್ತದೆ. ಬರೀ ಉದ್ದವೇ ಗುಣವಾಗುತ್ತದೆ. ಹತ್ತು ವರ್ಷ ದಿನಕ್ಕೊಂದು ವಾಕ್ಯ ಬರೆದವರೆಲ್ಲರ ಪುಸ್ತಕವೂ ಹೀಗೆ ಮನಸ್ಸು ತಟ್ಟುವುದಿಲ್ಲವಲ್ಲ. ಒಟ್ಟುಗೂಡಿದ್ದು ಅರ್ಥವಾಗಬೇಕಾದರೆ ಮರುಕಳಿಸುವ ವಸ್ತು ಪ್ರತಿಸಲ ಸ್ವಲ್ಪವಾದರೂ ಬೇರೆಯಾಗಿ ಕಾಣಬೇಕು, ಅದನ್ನು ಕಾಣಿಸುವುದು ಮತ್ತೆ ಆ ದಿನದ ಆಯ್ಕೆಯೇ. ಮೂರನೆಯ ವರ್ಷದ ಹಿಮವೂ ಒಂಬತ್ತನೆಯ ವರ್ಷದ ಹಿಮವೂ ಒಂದೇ ಸೋಜಿಗದಿಂದ ಬರೆದದ್ದಾದರೆ ನಡುವಿನ ಆರು ವರ್ಷ ಲೇಖಕನಿಗೆ ಏನನ್ನೂ ಮಾಡಿಲ್ಲ ಎಂದಾಯಿತು. ಇಂಥ ಕಡೆಗಳೂ 'ಅಮೆರಿಕನ್ ಎಲ್ಫ್'ನಲ್ಲಿವೆ, ಅಭಿಮಾನಿಗಳು ಅವನ್ನು ಲಯ ಎಂದು ಕರೆಯುತ್ತಾರೆ. ನನಗೆ ಅವು ರೂಢಿಯ ಹಾಗೆ ಕಾಣುತ್ತವೆ.

ಇನ್ನು ಚಿತ್ರದ ಮಾತು. 1996ರಲ್ಲಿ 'ದಿ ಕಾಮಿಕ್ಸ್ ಜರ್ನಲ್' ಪತ್ರಿಕೆಗೆ ಕೊಚಾಲ್ಕಾ ಬರೆದ ಒಂದು ಪತ್ರ ಅಮೆರಿಕದ ಚಿತ್ರಕಥೆಗಾರರ ನಡುವೆ ದೊಡ್ಡ ಗದ್ದಲ ಎಬ್ಬಿಸಿತು. ಕುಸುರಿಯೇ ಶತ್ರು ಎಂಬುದು ಅದರ ಸಾರಾಂಶ. ಗೆರೆಯನ್ನು ತಿದ್ದುತ್ತಾ ಕೂತವರು ಬದುಕಿಡೀ ತಿದ್ದುತ್ತಲೇ ಇರುತ್ತಾರೆ. ಈಗ ಕೈಯಲ್ಲಿರುವ ಶಕ್ತಿಯಿಂದ ಈಗಲೇ ಬರೆಯಬೇಕು ಎಂದು ಅವರು ವಾದಿಸಿದರು. ಹಲವು ಹಿರಿಯ ಕಲಾವಿದರು ಇದನ್ನು ಸೋಮಾರಿಗಳ ಸಮರ್ಥನೆ ಎಂದು ತಳ್ಳಿಹಾಕಿದರು. ದಿನಚರಿ ಶುರುವಾದದ್ದು ಈ ವಾದದ ಎರಡು ವರ್ಷದ ನಂತರ, ಅದನ್ನು ಆ ಪತ್ರದ ಪ್ರಯೋಗ ಎಂದೇ ಓದಬಹುದು. ಪ್ರಯೋಗದ ಫಲ ಅವರ ವಾದಕ್ಕೆ ಅರ್ಧ ಮಾತ್ರ ಒಲಿದಿದೆ ಎಂಬುದು ನನ್ನ ಅಭಿಪ್ರಾಯ. ಸರಳ ಗೆರೆ ದಿನಚರಿಗೆ ಒಪ್ಪುತ್ತದೆ, ಅದರಲ್ಲಿ ಸಂಶಯವಿಲ್ಲ. ಸ್ಕಾಟ್ ಮೆಕ್ಲೌಡ್ 1993ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ ಹಾಗೆ ಮುಖವನ್ನು ಸರಳ ಮಾಡಿದಷ್ಟೂ ಓದುಗ ಅದರೊಳಗೆ ತನ್ನನ್ನು ಇಟ್ಟುಕೊಳ್ಳಬಲ್ಲ. ಚೂಪುಕಿವಿಗಳು ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಯಾವ ಮನುಷ್ಯನಿಗೂ ಅಂಥ ಕಿವಿ ಇಲ್ಲ; ಆದ್ದರಿಂದ ಪ್ರತಿ ಚೌಕವೂ ಇದು ಫೋಟೋ ಅಲ್ಲ, ಬರೆದದ್ದು ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. ಲಜನ್ ಹೇಳಿದ ಒಪ್ಪಂದದಲ್ಲಿ ಇದೊಂದು ಪ್ರಾಮಾಣಿಕ ಟಿಪ್ಪಣಿ. ಆದರೆ ಕುಸುರಿ ಬೇಡ ಎಂದವರು ಸಾವಿರಾರು ದಿನ ಬಿಡದೆ ಬರೆದಾಗ ಕುಸುರಿ ತಾನಾಗಿ ಬಂದು ಸೇರಿತು. ಮೊದಲ ವರ್ಷಗಳ ಕಪ್ಪುಬಿಳುಪಿನ ತಡವರಿಕೆಯ ಗೆರೆ ಎಲ್ಲಿ, ಕೊನೆಯ ವರ್ಷಗಳ ಬಣ್ಣದ ಕಂತುಗಳ ಭರವಸೆಯ ಗೆರೆ ಎಲ್ಲಿ! ಕೊನೆಯ ಭಾಗದಲ್ಲಿ ಸಂಜೆಯ ಬೆಳಕು, ಹಿಮದ ನೀಲಿ ಬಣ್ಣಗಳೇ ದಿನದ ಹವೆಯನ್ನು ಹೇಳಿಬಿಡುತ್ತವೆ.

ಒರಟಾಗಿ ಕಾಣುವ ಗೆರೆಯ ಹಿಂದೆ ಎಷ್ಟು ಲೆಕ್ಕಾಚಾರ ಇರಬಹುದು ಎಂಬುದಕ್ಕೆ ಆಲಿ ಬ್ರೋಶ್ ಇನ್ನೊಂದು ಸಾಕ್ಷಿ. 'ಹೈಪರ್‌ಬೋಲ್ ಆ್ಯಂಡ್ ಅ ಹಾಫ್' ಎಂಬ ತಮ್ಮ ಅಂತರ್ಜಾಲ ತಾಣದಲ್ಲಿ ಅವರು ಮಕ್ಕಳು ಕಂಪ್ಯೂಟರಿನಲ್ಲಿ ಗೀಚಿದ ಹಾಗೆ ಕಾಣುವ ಚಿತ್ರಗಳನ್ನು ಬಳಸಿದರು: ಗುಲಾಬಿ ಕೊಳವೆಯಂಥ ಮೈ, ತಲೆಯ ಮೇಲೆ ಹಳದಿ ತ್ರಿಕೋನ. 2011ರಲ್ಲಿ ತಮ್ಮ ಖಿನ್ನತೆಯ ಬಗ್ಗೆ ಒಂದು ಭಾಗ ಬರೆದು, ಎರಡನೆಯ ಭಾಗವನ್ನು ಪ್ರಕಟಿಸಿದ್ದು 2013ರಲ್ಲಿ. ಆ ಎರಡನೆಯ ಭಾಗದಲ್ಲಿ, ಏನೂ ಅನಿಸದ ಸ್ಥಿತಿಯಲ್ಲಿ ಅಡುಗೆಮನೆಯ ನೆಲದ ಮೇಲೆ ಬಿದ್ದಿರುವಾಗ ಫ್ರಿಜ್ಜಿನ ಅಡಿಯಲ್ಲಿ ಕಂಡ ಒಣಗಿದ ಒಂದು ಜೋಳದ ಕಾಳು ಅವರನ್ನು ತಡೆಯಲಾರದ ನಗೆಗೆ ನೂಕುತ್ತದೆ. ಖಿನ್ನತೆಯನ್ನು ಕುರಿತ ಎಷ್ಟೋ ಗಂಭೀರ ಬರಹಗಳು ಮುಟ್ಟದ ಸತ್ಯ ಆ ಕಾಳಿನಲ್ಲಿದೆ. ಆದರೆ ಆ ಕಾಳು ಅಷ್ಟು ಸರಿಯಾದ ಜಾಗದಲ್ಲಿ ಬಂದು ನಿಲ್ಲಲು ಕಾಲದ ಅಂತರ ಬೇಕಾಯಿತು. ಅದೇ ಘಟನೆಯನ್ನು ಅದೇ ರಾತ್ರಿ ಬರೆದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಬ್ರೋಶ್ ಅವರದು ಕಟ್ಟುನಿಟ್ಟಿನ ದಿನಚರಿಯಲ್ಲ. ಆದ್ದರಿಂದಲೇ ಈ ಹೋಲಿಕೆ ಉಪಯುಕ್ತ. ದಿನಚರಿಕಾರ ಬಿಟ್ಟುಕೊಟ್ಟದ್ದು ಏನು ಎಂಬುದು ಇಲ್ಲಿ ಕಾಣುತ್ತದೆ.

ಪ್ರಾಮಾಣಿಕತೆಯ ವಿಷಯದಲ್ಲೂ ಒಂದು ಮಾತು ಹೇಳಲೇಬೇಕು. ಈ ಪ್ರಕಾರದ ಓದುಗರು ನಾಚಿಕೆ ಬಿಟ್ಟು ಬರೆದದ್ದನ್ನು ಪ್ರಾಮಾಣಿಕ ಎಂದು ಬೇಗ ಒಪ್ಪಿಕೊಳ್ಳುತ್ತಾರೆ. ಕೊಚಾಲ್ಕಾ ಅವರಲ್ಲಿ ಬೆತ್ತಲೆ ದೇಹವಿದೆ, ಮೂತ್ರವಿದೆ, ಹಾಸಿಗೆಯ ಮಾತಿದೆ. ಕೆನಡಾದಲ್ಲಿ ಬಹುಕಾಲ ಇದ್ದ ಜೋ ಮ್ಯಾಟ್ ಅವರ 'ಪೀಪ್‌ಶೋ' ಇನ್ನೂ ಮುಂದೆ ಹೋಗಿ ತಮ್ಮ ಜಿಪುಣತನ, ಅಶ್ಲೀಲ ಚಿತ್ರಗಳ ಚಟ ಎಲ್ಲವನ್ನೂ ಹೇಳಿಕೊಂಡಿತು. ಆದರೆ ತನ್ನನ್ನು ಕೆಟ್ಟವನೆಂದು ಚಿತ್ರಿಸಿಕೊಳ್ಳುವುದೂ ಒಂದು ವೇಷವೇ. ನಾನು ಎಲ್ಲವನ್ನೂ ಹೇಳಿದ್ದೇನೆ ಎಂಬ ಭಾವನೆ ಹುಟ್ಟಿಸಿ ಹೇಳದೆ ಬಿಟ್ಟದ್ದನ್ನು ಮರೆಸುವ ಶಕ್ತಿ ಅದಕ್ಕಿದೆ. ದೇಹದ ಗುಟ್ಟು ಹೇಳುವುದು ಒಂದು ಸಲ ನಾಚಿಕೆ ಬಿಟ್ಟರೆ ಸುಲಭ. ಹಣದ ಚಿಂತೆ, ಇನ್ನೊಬ್ಬ ಕಲಾವಿದನ ಮೇಲಿನ ಅಸೂಯೆ, ಮಗುವಿನ ಮೇಲೆ ಸುಮ್ಮನೆ ರೇಗಿದ್ದು, ಇವನ್ನು ಬರೆಯುವುದು ಕಷ್ಟ. ಕೊಚಾಲ್ಕಾ ಅವರ ಒಳ್ಳೆಯ ಕಂತುಗಳಲ್ಲಿ ಈ ಎರಡನೆಯ ಬಗೆಯ ಧೈರ್ಯವಿದೆ. ತಾವು ಸಣ್ಣತನ ತೋರಿದ ಗಳಿಗೆಯಲ್ಲಿ ಹೆಂಡತಿಯ ಒಂದು ಒಣ ಮಾತಿಗೆ ಕೊನೆಯ ಚೌಕವನ್ನು ಬಿಟ್ಟುಕೊಟ್ಟು, ಸಮರ್ಥನೆ ಸೇರಿಸದೆ ಎದ್ದುಹೋಗುವ ಕಂತುಗಳನ್ನು ನಾನು ಈ ಕೃತಿಯ ಎತ್ತರ ಎಂದು ಎಣಿಸುತ್ತೇನೆ.

ಅಂತರ್ಜಾಲ ಈ ಲೆಕ್ಕವನ್ನು ಬದಲಿಸಿತು. ಪುಸ್ತಕವಾಗಿ ಬಂದಾಗ ನಡೆದದ್ದಕ್ಕೂ ಓದಿದ್ದಕ್ಕೂ ನಡುವೆ ತಿಂಗಳುಗಳ, ವರ್ಷಗಳ ಅಂತರ ಇರುತ್ತಿತ್ತು. 2002ರ ನಂತರ ನಿನ್ನೆಯ ಜಗಳವನ್ನು ಇವತ್ತು ಅಪರಿಚಿತರು ಓದುತ್ತಾರೆ, ಜಗಳವಾಡಿದವರೂ ಓದುತ್ತಾರೆ. ಚಿತ್ರಿಸಿದ ದಿನ ಮುಂದಿನ ದಿನದ ಒಂದು ಘಟನೆಯೇ ಆಗಿಬಿಡುತ್ತದೆ. ಓದುಗರ ಮೆಚ್ಚುಗೆ ಆ ಕ್ಷಣವೇ ಕೈಸೇರುವುದರಿಂದ ಹೆಚ್ಚು ಮೆಚ್ಚಿದ ಬಗೆಯ ಕಂತನ್ನೇ ಮತ್ತೆ ಬರೆಯುವ ಸೆಳೆತವೂ ಬಂತು. ಮುಂದಿನ ದಶಕದಲ್ಲಿ ಸಾಮಾಜಿಕ ಜಾಲತಾಣಗಳು ಈ ಸೆಳೆತವನ್ನು ಇನ್ನಷ್ಟು ಬಿಗಿ ಮಾಡಿದವು. ಸಾರಾ ಆ್ಯಂಡರ್ಸನ್ ಅವರ 'ಸಾರಾಸ್ ಸ್ಕ್ರಿಬಲ್ಸ್' ಇದರ ಜನಪ್ರಿಯ ಉದಾಹರಣೆ. ಬೆಳಿಗ್ಗೆ ಏಳಲು ಆಗದ ಸಂಕಟ, ಜನರ ನಡುವಿನ ಮುಜುಗರ ಯಾರಿಗೆ ತಾನೇ ಗೊತ್ತಿಲ್ಲ? ಓದಿದವರೆಲ್ಲ ಅರೆ, ಇದು ನಾನೇ ಎನ್ನುತ್ತಾರೆ. ಅದು ಬೇರೆಯೇ ಒಂದು ಕಲೆ, ಅದನ್ನು ಕೀಳು ಎನ್ನಲಾರೆ. ಆದರೆ ಎಲ್ಲರ ದಿನವನ್ನು ಬರೆಯಲು ತನ್ನ ದಿನವನ್ನು ಅಳಿಸಬೇಕಾಗುತ್ತದೆ. ಅಲ್ಲಿ ತಾರೀಕು ಇಲ್ಲ, ಊರಿಲ್ಲ. ದಿನಚರಿಯ ಹೆಸರಿನಲ್ಲಿ ಇದನ್ನು ಬರೆದಾಗ ಓದುಗರು ಕೊಡುವ ನಂಬಿಕೆಗೆ ಪ್ರತಿಯಾಗಿ ಸಿಗುವುದು ಕಡಿಮೆ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ ಚೌಕದಲ್ಲಿರುವ ಉಳಿದವರದು. ವಿಮರ್ಶೆ ಕೃತಿಯನ್ನು ನೋಡಬೇಕು, ಲೇಖಕನ ಸಂಸಾರವನ್ನಲ್ಲ ಎಂದು ಇಷ್ಟು ಹೊತ್ತು ಹೇಳಿದ ಮೇಲೆ ಮಕ್ಕಳ ಖಾಸಗಿತನದ ಮಾತೆತ್ತುವುದು ವಿರೋಧಾಭಾಸವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಆಯ್ಕೆಯೇ ಕೃತಿ ಎಂದಾದರೆ ಆ ಆಯ್ಕೆ ಯಾರ ಮೇಲೆ ನಡೆಯಿತು ಎಂಬುದೂ ಕೃತಿಯ ಒಳಗಿನ ವಿಷಯವೇ. ಅದರಲ್ಲೂ ನಿತ್ಯದ ಕಟ್ಟಳೆ ಇಲ್ಲಿ ಒತ್ತಡ ಹಾಕುತ್ತದೆ: ತನ್ನ ದಿನ ಬರಿದಾದಾಗ ಮನೆಯವರ ದಿನದಿಂದ ತೆಗೆದುಕೊಳ್ಳಬೇಕಾಗುತ್ತದೆ. ಜಪಾನಿನ ನಗಾತಾ ಕಾಬಿ ಇದರ ಬಿಸಿಯನ್ನು ಕೃತಿಯೊಳಗೇ ದಾಖಲಿಸಿದ್ದಾರೆ. ತಮ್ಮ ಒಂಟಿತನ, ಖಿನ್ನತೆ, ಲೈಂಗಿಕತೆಯನ್ನು ಕುರಿತು ಅವರು ಪಿಕ್ಸಿವ್ ಎಂಬ ಜಾಲತಾಣದಲ್ಲಿ ಹಾಕಿದ ಚಿತ್ರಕಥೆ 2016ರಲ್ಲಿ ಪುಸ್ತಕವಾಗಿ ಪ್ರಸಿದ್ಧವಾಯಿತು. ಆಮೇಲೆ ಅವರು ಬರೆದದ್ದು ತನಗೆ ತಾನೇ ಬರೆದುಕೊಂಡ ಪತ್ರಗಳ ರೂಪದ ದಿನಚರಿ. ಗೆಳತಿಯರು ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಾ ದಿನಚರಿ ಬರೆಯುವ ಜಪಾನಿನ ಶಾಲೆಗಳ ರೂಢಿಯನ್ನು ಅವರು ಒಬ್ಬರೇ ನಡೆಸಿದರು. ಮೊದಲ ಪುಸ್ತಕದಲ್ಲಿ ಮನೆಯವರನ್ನು ತೋರಿಸಿದ ರೀತಿ ಆ ಮನೆಯವರಿಗೆ ನೋವು ಕೊಟ್ಟದ್ದು, ಅದಕ್ಕಾಗಿ ತಾನು ಪಟ್ಟ ಪಶ್ಚಾತ್ತಾಪ, ಆದರೂ ಬರೆಯದೆ ಇರಲಾರದ ಸ್ಥಿತಿ ಎಲ್ಲವೂ ಅಲ್ಲಿ ಬರುತ್ತವೆ. ಹಿಂದಿನ ಕೃತಿಯ ಪರಿಣಾಮವನ್ನು ಮುಂದಿನ ಕೃತಿ ಹೊತ್ತುಕೊಂಡ ಈ ರೀತಿ ನನಗೆ ಗೌರವಾರ್ಹವೆನಿಸುತ್ತದೆ. 'ಅಮೆರಿಕನ್ ಎಲ್ಫ್' ಈ ವಿಷಯದಲ್ಲಿ ಅಷ್ಟು ದೂರ ಹೋಗುವುದಿಲ್ಲ. ಹೆಂಡತಿಗೆ ಚೌಕದೊಳಗೆ ಎದುರುತ್ತರದ ಅಧಿಕಾರ ಸಿಕ್ಕಿದೆ. ಮಕ್ಕಳಿಗೆ ಮಾತು ಸಿಕ್ಕಿದೆ, ಆದರೆ ಆ ಮಾತು ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ವಯಸ್ಸು ಅವರದಲ್ಲ. ಕೃತಿ ತನ್ನ ಈ ಹಕ್ಕನ್ನು ಇನ್ನಷ್ಟು ಗಟ್ಟಿಯಾಗಿ ಪ್ರಶ್ನಿಸಿಕೊಳ್ಳಬೇಕಿತ್ತು. ಆ ಮನೆಯವರು ಒಪ್ಪಿದ್ದರೋ ಇಲ್ಲವೋ ಎಂದು ಹೊರಗಿನಿಂದ ಊಹಿಸುವುದು ನಮ್ಮ ಕೆಲಸವಲ್ಲ; ಹಾಳೆಯ ಮೇಲೆ ಆ ಪ್ರಶ್ನೆ ಇದೆಯೇ ಎಂದು ನೋಡುವುದು ನಮ್ಮ ಕೆಲಸ.

ಕೊನೆಯದಾಗಿ ಪುಸ್ತಕದ ವಿಚಾರ. 2004ರಲ್ಲಿ ಟಾಪ್ ಶೆಲ್ಫ್ ಪ್ರಕಾಶನ 1998ರಿಂದ 2003ರ ಕೊನೆಯವರೆಗಿನ ದಿನಚರಿಯನ್ನು ಒಟ್ಟಿಗೆ ಒಂದೇ ದಪ್ಪ ಸಂಪುಟವಾಗಿ ತಂದಿತು. ಇಷ್ಟೊಂದು ಸಪ್ಪೆ ಕಂತುಗಳಿವೆ ಎಂದು ನೀನೇ ಹೇಳುತ್ತೀಯಲ್ಲ, ಹಾಗಿದ್ದರೆ ಒಳ್ಳೆಯ ಮುನ್ನೂರನ್ನು ಆರಿಸಿ ಚಿಕ್ಕ ಪುಸ್ತಕ ಮಾಡಬೇಕಿತ್ತು ಎಂದು ಓದುಗರು ನನ್ನನ್ನೇ ಕೇಳಬಹುದು. ಮಾಡಬಾರದಿತ್ತು ಎಂದೇ ನನ್ನ ಉತ್ತರ. ಆರಿಸಿದ ಕೂಡಲೇ ದಿನಗಳ ನಡುವಿನ ಆಯ್ಕೆ ಹಿಂಬಾಗಿಲಿನಿಂದ ಒಳಬರುತ್ತದೆ. ಕೊಚಾಲ್ಕಾ ತಾವಾಗಿ ಬಿಟ್ಟುಕೊಟ್ಟ ಸ್ವಾತಂತ್ರ್ಯವನ್ನು ಸಂಪಾದಕ ಅವರ ಪರವಾಗಿ ವಾಪಸು ಪಡೆದ ಹಾಗಾಗುತ್ತದೆ. ಆಗ ಉಳಿಯುವುದು ಮುನ್ನೂರು ಚೆಂದದ ಕಾಮಿಕ್ಸ್, ದಿನಚರಿಯಲ್ಲ. ಸಪ್ಪೆ ಕಂತು ಸಪ್ಪೆಯೇ, ಅದನ್ನು ಹಾಗೆಂದು ಹೇಳಬೇಕು; ಆದರೆ ಅದು ಪುಸ್ತಕದಲ್ಲಿ ತನ್ನ ತಾರೀಕಿನ ಜಾಗದಲ್ಲಿ ಇರಬೇಕು. ಅದರ ಪಕ್ಕದಲ್ಲಿದ್ದರೆ ಮಾತ್ರ ಮರುದಿನದ ಒಳ್ಳೆಯ ಕಂತಿನಲ್ಲಿ ಲೇಖಕ ಏನನ್ನು ಕಂಡುಕೊಂಡರು ಎಂಬುದು ಓದುಗರಿಗೆ ಅಳತೆಗೆ ಸಿಗುತ್ತದೆ.